ಟೀ ಅಂಗಡಿ ಮುಂದಿನ ತಗಡಿನ ಕೋಣೆ

ತೊಂಬತ್ತರ ದಶಕದ ನಡುವೆ ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದೆ. ಮನೆಗೆ ಬಂದ ಮೇಲೆ ಡೈರಿ ಬರೆಯುತ್ತಿದ್ದೆ. ನಮ್ಮಲ್ಲಿ ಯೂನಿಯನ್ ಕಟ್ಟಲು ಓಡಾಡುತ್ತಿದ್ದ, ಲೇತ್ ಯಂತ್ರ ನಡೆಸುವ ಟರ್ನರ್‌ನನ್ನು ಒಂದು ಮಂಗಳವಾರ ಸಂಜೆ ಗೇಟಿನ ಹೊರಗೇ ಪೊಲೀಸರು ಜೀಪಿಗೆ ಹತ್ತಿಸಿಕೊಂಡರು. ಕಂಡವರು ನಾವು ಆರು ಜನ. ಅವನ ಹೆಂಡತಿ ಠಾಣೆಗೆ ಹೋದಾಗಲೆಲ್ಲ ಒಂದೇ ಉತ್ತರ: "ಇಲ್ಲಿ ಯಾರೂ ಇಲ್ಲ." ಭಾನುವಾರದ ಹೊತ್ತಿಗೆ ಆಕೆ ಹನ್ನೊಂದು ಸಲ ಹೋಗಿಬಂದದ್ದು ನನ್ನ ಡೈರಿಯಲ್ಲಿತ್ತು.

ಚಿಕ್ಕಬಾಣಾವರದಲ್ಲಿ ಆ ಗಂಡ ಹೆಂಡತಿ ಇದ್ದ ವಠಾರದ ಮಾಲೀಕರ ಮಗಳು ಕಲಾಶಾಲೆಯಲ್ಲಿ ಓದುತ್ತಿದ್ದಳು. ಒಬ್ಬರು ನಿಂತರೆ ತುಂಬುವಷ್ಟು, ಕಿಟಕಿಯಿಲ್ಲದ ತಗಡಿನ ಕೋಣೆ ಮಾಡಿಕೊಡಿ ಎಂದು ನಮ್ಮನ್ನು ಕೇಳಿದವಳು ಅವಳೇ. ಭಾನುವಾರದ ರಜೆಯಲ್ಲಿ ನಮ್ಮ ಹಿರಿಯ ಫಿಟ್ಟರ್ ಗುಜರಿ ತಗಡು ತಂದು ವೆಲ್ಡ್ ಮಾಡಿದರು. ಅಂಚುಗಳನ್ನೆಲ್ಲ ಉಜ್ಜಿ ನಯ ಮಾಡಿ, ಬಾಗಿಲಿಗೆ ಒಳಗಡೆಯೂ ಚಿಲಕ ಇಟ್ಟರು.

"ಒಳಗಿನ ಚಿಲಕ ತೆಗೀರಿ ಅಣ್ಣ," ಅಂದಳು.

"ಅದಿಲ್ದೆ ಒಳಗಿರೋನು ಆಚೆ ಹೆಂಗ್ ಬರ್ತಾನಮ್ಮ? ಸೇಫ್ಟಿ ಬೇಡ್ವಾ?"

"ಬರಕ್ಕಾಗ್ಬಾರ್ದು. ಅದಕ್ಕೇ ಮಾಡಿಸ್ತಿರೋದು."

ಇಂಥ ಬಾಗಿಲು ಜನ್ಮದಲ್ಲಿ ಮಾಡಿಲ್ಲ ಎಂದು ಗೊಣಗುತ್ತ ಅವರು ಚಿಲಕ ಕಿತ್ತರು.

ಸೋಮವಾರ ಅದನ್ನು ಬಸ್ ಸ್ಟಾಪಿನ ಪಕ್ಕದ ಟೀ ಅಂಗಡಿ ಮುಂದೆ ಇಟ್ಟೆವು. ಪಕ್ಕದಲ್ಲಿ ಟರ್ನರ್‌ನ ಫೋಟೊ, ಅವನನ್ನು ಹಿಡಿದ ದಿನ, ಒಂದು ಹಲಗೆಯ ಮೇಲೆ ಹುಡುಗಿ ಬರೆದ ನಿಯಮ. ಒಳಗೆ ಹೋದವರು ಬಾಗಿಲು ಬಡಿಯಬೇಕು. ಸಾಲಿನಲ್ಲಿ ಅವರ ಹಿಂದಿದ್ದವರು "ಇಲ್ಲಿ ಯಾರೂ ಇಲ್ಲ" ಅನ್ನಬೇಕು. ಒಂದು ನಿಮಿಷದ ಮೇಲೆ ತೆರೆಯಬೇಕು. ಗಡಿಯಾರ ನೋಡುವ ಕೆಲಸ ನನ್ನದು; ಅದಕ್ಕೆಂದೇ ರಜೆ ಹಾಕಿದ್ದೆ. ಮೊದಲ ದಿನ ಮೂವತ್ತೆಂಟು ಜನ. ನಗುತ್ತ ಒಳಹೋದವರು ಬೆವೆತು ಹೊರಬಂದರು.

"ನಿಮಿಷ ಅಂದ್ಬಿಟ್ಟು ಅರ್ಧ ಗಂಟೆ ಇಟ್ಬಿಟ್ಯಲ್ಲ ಗುರು," ಎಂದು ಒಬ್ಬ ನನ್ನ ಗಡಿಯಾರವನ್ನೇ ಬಗ್ಗಿ ನೋಡಿದ.

ಮಂಗಳವಾರ ಸೊಪ್ಪು ಮಾರುವ ಅಜ್ಜಿಯೊಬ್ಬಳು ಸಾಲಿನಲ್ಲಿದ್ದಳು. ಒಳಗಿನವನು ಬಡಿದ. ಅಜ್ಜಿ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು.

"ಯಾರೂ ಇಲ್ಲ ಅನ್ನಜ್ಜಿ," ಎಂದೆ.

"ಮನ್ಸ ಒಳ್ಗೆ ಬಡ್ಕೊಂತಾವ್ನೆ, ಇಲ್ಲ ಅಂತ ಎಂಗ್ ಏಳ್ಲಿ? ನಿಂಗ್ ನಾಲ್ಗೆ ಬತ್ತದಾ?" ಎಂದವಳೇ, "ಇದೀಯ ಕಣಪ್ಪ, ಬಾ ಆಚೆ," ಎಂದು ತಾನೇ ಬಾಗಿಲು ತೆರೆದಳು.

ಸಾಲಿನಲ್ಲಿ ಶಿಳ್ಳೆ ಬಿತ್ತು. ಆಮೇಲೆ ಯಾರೂ "ಇಲ್ಲ" ಅನ್ನಲಿಲ್ಲ. ಹುಡುಗಿ ನಗುತ್ತ ತನ್ನ ನಿಯಮದ ಹಲಗೆಯನ್ನು ಮಗುಚಿಟ್ಟಳು. ನಾನು ಹೊಸ ಕಲಂ ಎಳೆದೆ. ಆ ದಿನ "ಇಲ್ಲ" ಒಂಬತ್ತು, "ಇದೀಯ" ಎಪ್ಪತ್ತೆರಡು.

ಬುಧವಾರ ಮಧ್ಯವಯಸ್ಸಿನ ಒಬ್ಬರು ಒಳಗೆ ಹೋದರು. ಅಂಗಿ ಪ್ಯಾಂಟು ಸಾದಾ ಆದರೂ ಕಂದು ಬೂಟು, ಕ್ರಾಪು ನೋಡಿ ಪೇದೆ ಎಂದು ಎಲ್ಲರಿಗೂ ಗೊತ್ತಾಯಿತು. ಅವರು ಬಡಿದಾಗ ಟರ್ನರ್‌ನ ಹೆಂಡತಿಯೇ ಮುಂದೆ ಬಂದು, "ಇದೀರ ಅಣ್ಣ, ಬನ್ನಿ," ಎಂದು ತೆರೆದಳು. ಅವರು ಮುಖ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಆಕೆಗೆ ಹೇಳಿದರು:

"ಠಾಣೇಲಿಲ್ಲ ಕಣಮ್ಮ. ಹಿಂದ್ಗಡೆ ಕ್ವಾರ್ಟರ್ಸು, ಕೊನೇ ಮನೆ. ಇವತ್ತೇ ಹೋಗಿ."

ಶಿಫ್ಟ್ ಬಿಟ್ಟೊಡನೆ ವಕೀಲರೊಬ್ಬರ ಜೊತೆ ಅರವತ್ತನಾಲ್ಕು ಜನ ಆ ಮನೆಯ ಮುಂದೆ ನಿಂತೆವು. ಹೊರಗೆ ಬೀಗ. ಆಕೆ ಗಂಡನ ಹೆಸರು ಹಿಡಿದು ಕೂಗಿದಳು. ಒಳಗಿನಿಂದ ಬಾಗಿಲು ಬಡಿದ ಸದ್ದು ಬಂತು. "ಇದಾನೆ" ಎಂದು ನಾವೆಲ್ಲ ಕೂಗಿದ್ದು ತುಮಕೂರು ರಸ್ತೆಗೂ ಕೇಳಿರಬೇಕು.

ಗುರುವಾರ ಅವನನ್ನು ಕೋರ್ಟಿಗೆ ತಂದರು. ನಿನ್ನೆಯಷ್ಟೇ ಹಿಡಿದದ್ದು ಎಂದರು ಪೊಲೀಸರು. ವಕೀಲರು ನನ್ನ ಡೈರಿಯ ಒಂಬತ್ತು ದಿನಗಳ ಪುಟಗಳನ್ನು ಮುಂದಿಟ್ಟರು. ಮ್ಯಾಜಿಸ್ಟ್ರೇಟರು ಒಂದೊಂದನ್ನೂ ತಿರುವಿ ಓದಿದರು, ಪೊಲೀಸರಿಂದ ಲಿಖಿತ ವಿವರಣೆ ಕೇಳಿದರು, ಟರ್ನರ್‌ಗೆ ಅಂದೇ ಜಾಮೀನು ಕೊಟ್ಟರು.

ಚಿಕ್ಕಬಾಣಾವರದ ಬಸ್ಸಿನಲ್ಲಿ ಅವನು ಕಂಬಿ ಹಿಡಿದು ನಿಂತ.

"ಸೀಟ್ ಖಾಲಿ ಇದೆ, ಕೂತ್ಕೊಳ್ರೀ," ಎಂದ ಕಂಡಕ್ಟರ್.

"ಒಂಬತ್ ದಿನ ಕೂತೂ ಕೂತೂ ಸಾಕಾಗಿದೆ ಸಾರ್."

ಅವನ ಹೆಂಡತಿ ಎದ್ದು ಪಕ್ಕದಲ್ಲಿ ನಿಂತಳು. ಒಬ್ಬೊಬ್ಬರಾಗಿ ನಾವೂ ಎದ್ದೆವು. ಊರು ಬರುವವರೆಗೆ ಹದಿನಾಲ್ಕು ಸೀಟು ಖಾಲಿಯೇ ಇದ್ದವು.