ಬೇಲಾಪುರದ ಕೋಟೆಯಲ್ಲಿ ಎರಡು ಚಹಾ

ಬೇಲಾಪುರದ ಹಳೆಯ ಗಡಿಕೋಟೆಯಲ್ಲಿ ಈಗ ಉಳಿದಿರುವುದು ಒಂದು ಬುರುಜು, ಮರದ ಬೇರು ಹಿಡಿದುಕೊಂಡ ಸ್ವಲ್ಪ ಗೋಡೆ. ಅಣ್ಣ ತೀರಿಕೊಂಡ ಮೇಲೆ ಕೋಪರಖೈರಣೆಯ ನಮ್ಮ ಹೋಟೆಲು ಮುಚ್ಚಿಯೇ ಇದೆ. ಗಲ್ಲಾದ ಹಿಂದಿನ ಅವನ ಕುರ್ಚಿಯಲ್ಲಿ ಕೂರಲು ನನಗೆ ಮನಸ್ಸು ಬಂದಿಲ್ಲ. ಅತ್ತಿಗೆಗೆ ಸ್ವಲ್ಪ ಗಾಳಿಯಾಡಲೆಂದು ಇಂದು ಇಲ್ಲಿಗೆ ಕರೆತಂದೆ.

ನಾವು ಇಡ್ಲಿ ತಿಂದು ಮುಗಿಸುವಾಗ ಮರಾಠಿ ವೃದ್ಧ ದಂಪತಿ ಪಕ್ಕದ ಕಲ್ಲಿನ ಬಳಿ ಬಂದರು. ನಾನು ಹೆಗಲ ಬೈರಾಸಿನಿಂದ ಕಲ್ಲು ಒರೆಸಿ, "ಬಸಾ ಕಾಕಾ, ಕಾಯ್ ದೇಊ?" ಎಂದುಬಿಟ್ಟೆ. ಕೂತ್ಕೊಳ್ಳಿ, ಏನು ಕೊಡಲಿ ಎಂದು, ಥೇಟ್ ಹೋಟೆಲಿನ ಧಾಟಿಯಲ್ಲಿ.

ಅಜ್ಜ ಗಂಭೀರವಾಗಿ, "ದೋನ್ ಚಹಾ" ಎಂದರು.

ಅತ್ತಿಗೆ ಬಾಯಿಗೆ ಸೆರಗು ಒತ್ತಿ ನಕ್ಕರು. ಇಷ್ಟು ದಿನಗಳಲ್ಲಿ ಇದೇ ಮೊದಲು. ಫ್ಲಾಸ್ಕಿನಿಂದ ಇಬ್ಬರಿಗೂ ಚಹಾ ಬಗ್ಗಿಸುತ್ತ ನನಗೆ ಹೇಳಿದರು: "ನಾಳೆ ಹೋಟೆಲು ತೆಗಿ ಮಾರಾಯ. ಗಲ್ಲಾದಲ್ಲಿ ನಾನು ಕೂತ್ಕೊಳ್ತೇನೆ."