ಬೆನ್ನ ಮೇಲಿನ ಹೆಸರು

ಬೆಳಗಿನ ಐದೂವರೆ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಆಟಗಾರರೆಲ್ಲ ಅಂಗಿ ಅಕ್ಕ ಎಂದೇ ಕರೆಯುವ ದರ್ಜಿ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಮಂಡಿಯ ಮೇಲೆ ಬೋರಲು ಹಾಕಿಕೊಂಡ ಹಸಿರು ಅಂಗಿ, ಅದರ ಬೆನ್ನ ಮೇಲೆ 'ಮಿಂಚು' ಎಂಬ ಹೆಸರು. ಅದನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚುತ್ತಿದ್ದಾರೆ. ಆ ಜಾಗದಲ್ಲಿ 'ಆಮೆ' ಎಂದು ಹೊಲಿಯಬೇಕು. ಹನ್ನೊಂದಕ್ಕೆ ಡಾರ್ಟ್ಸ್ ಪಂದ್ಯ, ಗೋಡೆಯ ಮೇಲಿನ ದುಂಡು ಬೋರ್ಡಿಗೆ ಪುಟ್ಟ ಬಾಣ ಎಸೆಯುವ ಆಟ. ಸೋತರೆ ಅಂಗಿಯ ಒಡೆಯ ದೊಡ್ಡ ಲೀಗಿನಿಂದಲೇ ಹೊರಗೆ. ನಲವತ್ತಾರರ ವಯಸ್ಸಿನಲ್ಲಿ ಮತ್ತೆ ಒಳಗೆ ಬರುವುದು ಕನಸಿನ ಮಾತು.

ಡಾರ್ಟ್ಸ್ ಆಡುವವರ ಅಂಗಿ ಹೊಲಿಯುವುದೂ ಒಂದು ಕಸುಬೇ ಎಂದು ಮೂಗು ಮುರಿಯುವವರು ಒಮ್ಮೆ ಇಲ್ಲಿಗೆ ಬರಬೇಕು. ಬೇರೆ ಆಟದವರು ಜನರಿಗೆ ಮುಖ ಕೊಟ್ಟು ಆಡುತ್ತಾರೆ. ಇವರದು ಗೋಡೆಗೆ ಮುಖ, ಜನರಿಗೆ ಬೆನ್ನು. ಹಾಗಾಗಿ ಅಡ್ಡಹೆಸರು, ಬಣ್ಣ, ಗತ್ತು ಎಲ್ಲವೂ ಬೆನ್ನಿಗೇ ಬರಬೇಕು. "ಬ್ರ್ಯಾಂಡು ಬ್ರ್ಯಾಂಡು ಅಂತ ಈಗ ಕೋಟು ಹಾಕಿದೋರು ದಿನವಿಡೀ ಪಾಠ ಹೇಳ್ತಾರಂತೆ. ಈ ಹುಡುಗರಿಗೆ ಅದು ಯಾವತ್ತೋ ಗೊತ್ತು. ತಿರುಗಿ ನಿಂತಾಗಲೂ ಜನ ಗುರುತು ಹಿಡೀಬೇಕು, ಅಷ್ಟೇ," ಎಂದು ನಗುತ್ತಾರೆ ಅಕ್ಕ.

ಇಪ್ಪತ್ತಾರು ವರ್ಷದ ಹಿಂದೆ ಅವರು ಸಮವಸ್ತ್ರದ ಕಾರ್ಖಾನೆಯಲ್ಲಿ ದಿನಕ್ಕೆ ಇನ್ನೂರು ಕಾಲರ್ ಹೊಲಿಯುತ್ತಿದ್ದರು. ಕಾರ್ಖಾನೆಗೆ ಬೀಗ ಬಿತ್ತು, ಗಂಡ ಹಾಸಿಗೆ ಹಿಡಿದರು, ಮಗಳಿಗಿನ್ನೂ ಮೂರು ವರ್ಷ. ಸಿಕ್ಕ ಕೆಲಸ ಹಿಡಿದು, ಆಟದ ಸಭಾಂಗಣಕ್ಕೆ ಪರದೆ ಹೊಲಿದು ಕೊಡಲು ಹೋಗಿದ್ದಾಗ ಆಟಗಾರನೊಬ್ಬನ ಕಂಕುಳ ಹೊಲಿಗೆ ಪಂದ್ಯದ ನಡುವೆಯೇ ಬಿಟ್ಟುಕೊಂಡಿತು. ಮೈಮೇಲಿದ್ದಂತೆಯೇ ಐದು ನಿಮಿಷದಲ್ಲಿ ಹೊಲಿದು ಕಳಿಸಿದರು. ಆತ ಗೆದ್ದ, ಮರುದಿನ ಇಬ್ಬರು ಬಾಗಿಲು ತಟ್ಟಿದರು. ಈಗ ಅವರ ಬಳಿ ಬರುವವರು ಮೂವತ್ತೆಂಟು ಮಂದಿ.

ಅಳತೆ ಟೇಪು ಹಿಡಿಯುವ ಮೊದಲು ಪ್ರತಿಯೊಬ್ಬರೂ ಅಕ್ಕನ ಮುಂದೆ ಮೂವತ್ತು ಸಲ ಡಾರ್ಟ್ ಎಸೆದು ತೋರಿಸಬೇಕು. ಎಸೆಯುವ ಕೈಯ ಕಂಕುಳು ಇನ್ನೊಂದಕ್ಕಿಂತ ಅರ್ಧ ಇಂಚು ಸಡಿಲ. ಒಂದೊಂದು ಅಕ್ಷರವೂ ಒಂದು ಗೇಣು ಎತ್ತರ. ಒಂದು ಅಂಗಿಗೆ ಎರಡು ದಿನ. ಅಷ್ಟೆಲ್ಲ ಹೊಲಿದರೂ ಒಳಗಿನ ಚೀಟಿಯಲ್ಲಿರುವುದು ಅಂಗಿ ಮಾರುವ ಕಂಪನಿಯ ಹೆಸರು, ಅಕ್ಕನದಲ್ಲ. ನೋಡುವವರಿಗೆ ಅನ್ಯಾಯ ಅನ್ನಿಸುತ್ತದೆ, ಅಕ್ಕನಿಗೆ ಅದರ ಪರಿವೆಯೇ ಇಲ್ಲ.

ಇನ್ನು ಆ ಹಸಿರು ಅಂಗಿಯ ಒಡೆಯ ಆಮೆಯ ಕಥೆ ಕೇಳಿ. ಪ್ರತಿ ಡಾರ್ಟಿಗೂ ಮುಂಚೆ ಆತ ಒಂದು ದೀರ್ಘ ಉಸಿರು ಎಳೆದು ಬಿಡುತ್ತಾನೆ. ಮೊದಮೊದಲು ಜನ ಆಡಿಕೊಂಡರು, ಶಿಳ್ಳೆ ಹಾಕಿದರು, "ಏ ಆಮೆ, ನಾಳೆ ಎಸೀತೀಯಾ?" ಎಂದು ಕೂಗಿದರು. ಆತ ನೆಟ್ಟಗೆ ಅಕ್ಕನ ಬಳಿ ಬಂದು, "ಅದನ್ನೇ ಬೆನ್ನ ಮೇಲೆ ಹೊಲಿದುಬಿಡಕ್ಕ, ಕೂಗೋರಿಗೆ ಓದೋಕಾದ್ರೂ ಸಿಗಲಿ," ಎಂದ. ಆಡಿಕೊಂಡ ಬಾಯಿಗಳೇ ಜೈಕಾರ ಹಾಕತೊಡಗಿದವು. ಹದಿನಾಲ್ಕು ವರ್ಷ ಅದೇ ಹಸಿರು, ಅದೇ ಹೆಸರು, ಅದೇ ಉಸಿರು. ಗೆದ್ದ ದಿನವೂ ಅಷ್ಟೇ, ಸೋತ ದಿನವೂ ಅಷ್ಟೇ. ಎಂಥ ಗಟ್ಟಿತನ ಬೇಕು ನೋಡಿ ಅದಕ್ಕೆ.

ಈ ವರ್ಷ ಹೊಸ ಪ್ರಾಯೋಜಕರು ಬಂದರು. ಆಮೆ ಎಂದರೆ ಯಾರು ಕೊಳ್ಳುತ್ತಾರೆ, ಮಿಂಚು ಎಂದು ಮಾಡಿ ಎಂದರು. ಅಕ್ಕ ಹೊಲಿದು ಕೊಟ್ಟರು. ಹೆಸರಿಗೆ ತಕ್ಕಂತೆ ಇರಬೇಕಲ್ಲ ಎಂದು ಆತ ಸರಸರ ಎಸೆಯಲು ಹೋದ. ಐದು ಪಂದ್ಯ, ಐದೂ ಸೋಲು.

"ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರಿದ ಹಾಗಾಗುತ್ತೆ ಅಂತ ನನಗೆ ಹೊಲಿಯುವಾಗಲೇ ಅನ್ನಿಸಿತ್ತು," ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. "ಅವನ ಕೈ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೂ ನಮಗ್ಯಾಕೆ ದೊಡ್ಡೋರ ಮಾತು ಅಂತ ಸುಮ್ಮನಿದ್ದೆ. ತಪ್ಪು ನಂದೂ ಇದೆ." ನಿನ್ನೆ ಸಂಜೆ ಆತ ಪ್ರಾಯೋಜಕರನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತನಂತೆ. "ಅಕ್ಕ, ನನ್ನ ಹೆಸರು ನನಗೆ ವಾಪಸ್ ಹೊಲಿದು ಕೊಡ್ತೀಯಾ?" ಎಂದಷ್ಟೇ ಕೇಳಿದನಂತೆ.

ಒಂಬತ್ತೂವರೆಗೆ ಅಂಗಿ ಸಿದ್ಧ. ಹನ್ನೊಂದಕ್ಕೆ ಸಭಾಂಗಣದಲ್ಲಿ ಎರಡು ಸಾವಿರ ಜನ, ಕೊನೆಯ ಸಾಲಿನ ಹಿಂದೆ ಅಕ್ಕ. ಆಟ ಸಮಸಮವಾಗಿ ಸಾಗಿ ಕೊನೆಯ ಸುತ್ತಿಗೆ ಬರುತ್ತದೆ. ಎದುರಾಳಿ ಮುಂದಿನ ಸರದಿಯಲ್ಲೇ ಮುಗಿಸಿಬಿಡುವಷ್ಟು ಹತ್ತಿರ. ಆಮೆಯ ಕೈಯಲ್ಲಿ ಉಳಿದಿರುವುದು ಒಂದೇ ಡಾರ್ಟ್, ಗೆಲ್ಲಲು ಅದು ಬೀಳಬೇಕಾದದ್ದು ಬೋರ್ಡಿನ ಅಂಚಿನ ಕಿರುಬೆರಳಿನಷ್ಟೂ ಅಗಲವಿಲ್ಲದ ಪಟ್ಟಿಗೆ. ಆತ ತೋಳು ಎತ್ತುತ್ತಾನೆ, ನಿಲ್ಲಿಸುತ್ತಾನೆ, ಉಸಿರು ಎಳೆಯುತ್ತಾನೆ.

ಹೋದ ಐದು ಪಂದ್ಯಗಳಲ್ಲಿ ಆತ ತುಸು ತಡೆದರೂ ಜನ ಶಿಳ್ಳೆ ಹಾಕಿದ್ದರು, ಮಿಂಚು ನಿಂತರೆ ಯಾರು ಸಹಿಸುತ್ತಾರೆ? ಇವತ್ತು ಕುರ್ಚಿ ಕಿರ್ರೆನ್ನುವ ಸದ್ದೂ ಇಲ್ಲ. ಬೆನ್ನ ಮೇಲಿನ ಎರಡಕ್ಷರ ನೋಡುತ್ತಾ ಎರಡು ಸಾವಿರ ಜನ ಆತನಿಗಾಗಿ ಕಾಯುತ್ತಾರೆ. ಈ ಆತುರದ ಕಾಲದಲ್ಲಿ ಒಬ್ಬ ಮನುಷ್ಯನಿಗೆ ಅವನದೇ ಹೊತ್ತನ್ನು ಬಿಟ್ಟುಕೊಡುವುದೆಂದರೆ ಸಣ್ಣ ಮಾತೇ? ಆತ ಉಸಿರು ಬಿಟ್ಟು ಎಸೆಯುತ್ತಾನೆ. ಡಾರ್ಟ್ ಪಟ್ಟಿಯೊಳಗೆ ಕಚ್ಚಿಕೊಳ್ಳುತ್ತದೆ.

ಚಪ್ಪಾಳೆಯ ಅಬ್ಬರದ ನಡುವೆ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ನಡೆಯುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ನಡೆಯುತ್ತಲೇ ಹೇಳುತ್ತಾರೆ.

"ಆಸೆ ಏನಿಲ್ಲಪ್ಪ. ಇನ್ಮೇಲೆ ಯಾರಾದ್ರೂ ತಮ್ಮದಲ್ಲದ ಹೆಸರು ತಗೊಂಡು ಬಂದ್ರೆ, ಮೊದಲು ಬಾಯಿ ಬಿಟ್ಟು ಹೇಳ್ತೀನಿ. ಸೂಜಿ ಹಿಡಿಯೋದು ಆಮೇಲೆ."