ನನ್ನ ಸನ್ಮಾನ, ಸೆಲ್ವಿಯ ಓಟ

ಎರಡು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ಭದ್ರಾವತಿಯಲ್ಲಿ ಬಿಸಿಲು ಏರತೊಡಗಿತ್ತು. ನಮ್ಮೂರಿನ ಒಂದು ಪದವಿ ಕಾಲೇಜಿನ ವಾರ್ಷಿಕ ಕ್ರೀಡಾಕೂಟದಲ್ಲಿ ನನಗೆ ಸನ್ಮಾನವಾಯಿತು. ತಲೆಗೆ ಪೇಟ ಇಟ್ಟು, ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಆಗ ತೆಗೆದ ಫೋಟೋಗೆ ನನ್ನ ಹೆಂಡತಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಈಗ ಅದನ್ನು ನಾನೇ ಇಳಿಸಿದ್ದೇನೆ. ಯಾಕೆ ಇಳಿಸಿದೆ ಎಂದು ಅವಳಿಗೂ ಪೂರ್ತಿ ಹೇಳಿಲ್ಲ. ಬಾಯಿಬಿಟ್ಟು ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಕಬಡ್ಡಿಯಿಂದ. ಆ ಕಾಲದಲ್ಲಿ ಕಾರ್ಖಾನೆಗಳು ಆಟಗಾರರನ್ನು ಹುಡುಕಿ ಕರೆದು ಕೆಲಸ ಕೊಡುತ್ತಿದ್ದವು. ಪಂದ್ಯಕ್ಕೆ ಹೊರಟರೆ ರೈಲಿನ ಟಿಕೆಟು, ಉಳಿಯಲು ಕೋಣೆ, ಬೆಳಿಗ್ಗೆ ಹಾಲು ಮೊಟ್ಟೆ, ಎಲ್ಲವೂ ಅವರದೇ. ಹಿಂದಿನ ದಿನವೇ ಹೋಗಿ ಚೆನ್ನಾಗಿ ನಿದ್ದೆ ಮಾಡಿ ಮೈದಾನಕ್ಕೆ ಇಳಿಯುತ್ತಿದ್ದೆವು. ಹೀಗಾಗಿ ಆಟಗಾರರಿಗೆ ಏನು ಬೇಕು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

ನಿವೃತ್ತನಾದ ಮೇಲೆ ಆ ಕಾಲೇಜಿನ ಅಭಿವೃದ್ಧಿ ಸಮಿತಿಗೆ ನನ್ನನ್ನು ಸೇರಿಸಿಕೊಂಡರು. ಹಳೇ ಕಬಡ್ಡಿ ಆಟಗಾರ, ಊರಿನಲ್ಲಿ ನಾಲ್ಕು ಜನರಿಗೆ ಬೇಕಾದವನು ಎಂಬುದಷ್ಟೇ ಕಾರಣ. ಸಭೆಯಲ್ಲಿ ಲೆಕ್ಚರರುಗಳ ನಡುವೆ ಕುರ್ಚಿ ಹಾಕಿಕೊಂಡು ಕೂರುವುದು ನನಗೆ ಬಹಳ ಹಿಡಿಸಿತ್ತು. ಓದಿದವರ ಮುಂದೆ ಮಾತಾಡಲು ಗೊತ್ತಾಗದಿದ್ದಾಗ ಒಂದು ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನನ್ನ ಮಾತಿಗೂ ಬೆಲೆ ಇದೆ ಎಂದು ಹಿಗ್ಗುತ್ತಿದ್ದೆ.

ಆ ಕಾಲೇಜಿನಲ್ಲಿ ಆಟಕ್ಕೆಂದು ಬೇರೆ ಅನುದಾನವೇನೂ ಇಲ್ಲ. ಮಕ್ಕಳು ಸೇರುವಾಗ ಕಟ್ಟುವ ಶುಲ್ಕದಲ್ಲಿ ಸಣ್ಣದೊಂದು ಪಾಲು ಆಟಕ್ಕೆ ಹೋಗುತ್ತದೆ. ಸೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು, ಆ ಪಾಲೂ ಕರಗುತ್ತಿತ್ತು. ವಾಲಿಬಾಲ್ ನೆಟ್ಟು, ಮೈದಾನಕ್ಕೆ ಎಳೆಯುವ ಸುಣ್ಣ, ಬೇರೆ ಊರಿಗೆ ಹೋಗುವ ಮಕ್ಕಳ ಪ್ರಯಾಣ, ಊಟ, ವಾರ್ಷಿಕ ಕ್ರೀಡಾಕೂಟ, ಎಲ್ಲ ಅದರಲ್ಲೇ ಆಗಬೇಕು.

ಕ್ರೀಡಾಕೂಟದ ಬಗ್ಗೆ ಮಾತಾಡಲು ಸಭೆ ಸೇರಿತ್ತು. ಅಧ್ಯಕ್ಷರು ಊರಿನ ವ್ಯಾಪಾರಸ್ಥರು. ದೊಡ್ಡ ಅತಿಥಿಯೊಬ್ಬರು ಬರಲು ಒಪ್ಪಿ ದಿನವನ್ನೂ ಕೊಟ್ಟಿದ್ದಾರೆ, ಈ ಸಲ ಪೆಂಡಾಲು, ಮೈಕು, ಫ್ಲೆಕ್ಸು ಎಲ್ಲ ಜೋರಾಗಿರಬೇಕು ಎಂದರು. ಅಷ್ಟರಲ್ಲಿ ಸುಮಿತ್ರಾ ಮೇಡಂ ಎದ್ದು ನಿಂತರು. ಅವರು ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕಿ. ಮಕ್ಕಳ ಬಾಯಲ್ಲಿ ಪೀಡಿ ಮೇಡಂ.

"ಸರ್, ನೀವು ಹೇಳೋ ದಿನಾನೇ ಶಿವಮೊಗ್ಗ ದಾಟಿ ಎರಡು ಗಂಟೆ ದೂರದ ಊರಲ್ಲಿ ಯೂನಿವರ್ಸಿಟಿ ಮೀಟ್ ಇದೆ. ನಾಲ್ಕು ಹುಡುಗೀರನ್ನ ಕಳಿಸ್ಬೇಕು. ಓಟ ಬೆಳಿಗ್ಗೆ ಬೇಗ ಇರುತ್ತೆ, ಹಿಂದಿನ ದಿನವೇ ಹೋಗಿ ಉಳ್ಕೋಬೇಕು. ಪೆಂಡಾಲು ಸ್ವಲ್ಪ ಕಡಿಮೆ ಮಾಡಿದ್ರೆ ಅವರ ಖರ್ಚು ಕಳೆಯುತ್ತೆ."

"ಅತಿಥಿಗಳ ಡೇಟ್ ಸಿಗೋದೇ ಕಷ್ಟ ಮೇಡಂ. ಮಕ್ಕಳು ಮುಂದಿನ ವರ್ಷ ಹೋಗ್ಲಿ ಬಿಡಿ" ಎಂದರು ಅಧ್ಯಕ್ಷರು.

"ಸೆಲ್ವಿಗೆ ಮುಂದಿನ ವರ್ಷ ಇಲ್ಲ ಸರ್. ಫೈನಲ್ ಇಯರ್. ಎಂಟುನೂರು ಮೀಟರಲ್ಲಿ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆಗ್ತಾಳೆ. ಆ ಸರ್ಟಿಫಿಕೇಟ್ ಇದ್ರೆ ಪೀಟಿ ಟೀಚರ್ ಆಗೋಕೆ ಓದೋ ಬಿ.ಪಿ.ಎಡ್‌ಗೆ ಸರ್ಕಾರಿ ಸೀಟು ಸಿಗುತ್ತೆ. ದುಡ್ಡು ಕೊಟ್ಟು ಓದೋ ಶಕ್ತಿ ಅವರ ಮನೇಲಿ ಇಲ್ಲ."

ಸೆಲ್ವಿಯನ್ನು ನಾನು ಬಲ್ಲೆ. ಅವಳ ತಾತ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವನು. ಬೆಳಿಗ್ಗೆ ನಾನು ವಾಕಿಂಗ್ ಹೋಗುವಾಗ ಕಾಲೇಜಿನ ಮೈದಾನದಲ್ಲಿ ಅವಳು ಓಡುತ್ತಿರುತ್ತಿದ್ದಳು. ಕೈ ಎತ್ತಿ "ತಾತಾ" ಎಂದು ಕೂಗುತ್ತಿದ್ದಳು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ರುದ್ರಪ್ಪಣ್ಣ, ನೀವು ಆಟ ಆಡಿದೋರು. ನೀವೇ ಹೇಳಿ."

ಎಲ್ಲರೂ ನನ್ನನ್ನೇ ನೋಡಿದರು. ಆ ಕ್ರೀಡಾಕೂಟದಲ್ಲಿ ಹಿರಿಯ ಆಟಗಾರ ಎಂದು ನನಗೆ ಸನ್ಮಾನ ಮಾಡುವ ವಿಷಯ ಅಧ್ಯಕ್ಷರು ಆಗಲೇ ನನ್ನ ಕಿವಿಗೆ ಹಾಕಿದ್ದರು. ಪೆಂಡಾಲು ಚಿಕ್ಕದಾದರೆ ಸನ್ಮಾನವೂ ಚಿಕ್ಕದಾಗುತ್ತದೆ ಎಂಬ ಯೋಚನೆ ನನ್ನ ತಲೆಯಲ್ಲಿತ್ತು. ಅದನ್ನು ಮುಚ್ಚಿಕೊಳ್ಳಲು ನಗುತ್ತಾ ಹೇಳಿದೆ: "ಅಲ್ಲ ಮೇಡಂ, ಹೆಣ್ಮಕ್ಕಳಿಗೆ ಈಗ ಬಸ್ಸೇ ಫ್ರೀ. ಆಧಾರ್ ಕಾರ್ಡ್ ತೋರಿಸಿದ್ರೆ ಇಡೀ ಕರ್ನಾಟಕ ಸುತ್ತಿ ಬರಬಹುದು. ಇನ್ನೆಂಥ ಖರ್ಚು? ಬೆಳಿಗ್ಗೆ ಎದ್ದು ಹೋಗಿ ಓಡಿ ಬರ್ಲಿ. ನಮ್ಮಂಥ ಗಂಡಸರಾಗಿದ್ರೆ ಕಷ್ಟ ಇತ್ತು."

ಜೋರಾಗಿ ನಗು ಎದ್ದಿತು. "ರುದ್ರಪ್ಪಣ್ಣ ಒಂದೇ ಮಾತಲ್ಲಿ ಬಜೆಟ್ ಮುಗಿಸಿಬಿಟ್ರು ನೋಡಿ" ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಮೇಡಂ ನಿಂತೇ ಇದ್ದರು. ನಗು ನಿಂತ ಮೇಲೆ ಕೂತರು. ನನ್ನ ಕಡೆ ನೋಡಲಿಲ್ಲ.

ಕ್ರೀಡಾಕೂಟದ ದಿನ ನಾನು ಮುತುವರ್ಜಿಯಿಂದ ಇಸ್ತ್ರಿ ಮಾಡಿಸಿದ ಬಿಳಿ ಪಂಚೆ ಉಟ್ಟಿದ್ದೆ. ಪೇಟ ಇಡಿಸಿಕೊಂಡಾಗ ಕಣ್ಣು ತುಂಬಿ ಬಂತು. ಅತಿಥಿಗಳು ನನ್ನ ಕಾಲದ ಕಬಡ್ಡಿಯನ್ನು ಹೊಗಳಿದರು. ಮೈದಾನದಲ್ಲಿ ಮಕ್ಕಳ ಓಟ ನಡೆಯಿತು. ಚೆನ್ನಾಗಿ ಓಡುವ ಹುಡುಗಿಯರು ಯಾರೂ ಅಲ್ಲಿರಲಿಲ್ಲ ಎಂಬುದು ನನ್ನ ತಲೆಗೇ ಬರಲಿಲ್ಲ. ಸುಮಿತ್ರಾ ಮೇಡಂ ಸೀಟಿ ಹಿಡಿದು ಬಿಸಿಲಲ್ಲಿ ಓಡಾಡುತ್ತಿದ್ದರು. ಕೂಟ ನಡೆಸಬೇಕಾದ್ದರಿಂದ ಅವರು ತಮ್ಮ ಮಕ್ಕಳ ಜೊತೆ ಹೋಗಿರಲಿಲ್ಲ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತು, "ನಮ್ಮ ಮದುವೇಲೂ ಇಷ್ಟು ಚೆಂದ ಕಾಣ್ಲಿಲ್ಲ ಬಿಡ್ರೀ ನೀವು" ಎಂದಳು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಮಗಳ ಮನೆ. ಮೊಮ್ಮಕ್ಕಳಿಗೆ ತೋರಿಸಬೇಕೆಂದು ಅದೇ ಸಂಜೆ ಪೇಟವನ್ನು ಚೀಲಕ್ಕೆ ಹಾಕಿ, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಬಸ್ಸು ಹತ್ತಿದೆ. ಆ ಸೆಕೆಯಲ್ಲಿ ಶಾಲು ಬೇಕಿರಲಿಲ್ಲ. ಜನ ನೋಡಲಿ ಎಂದು ಹೊದ್ದಿದ್ದೆ.

ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆ. ಕಲ್ಲುಬೆಂಚಿನ ಮೇಲೆ ಕಾಲೇಜಿನ ಹೆಸರಿದ್ದ ಟೀ ಶರ್ಟು ತೊಟ್ಟ ನಾಲ್ಕು ಹುಡುಗಿಯರು ಕೂತಿದ್ದರು. ಸೆಲ್ವಿ ನನ್ನನ್ನು ನೋಡಿ ಎದ್ದು ನಿಂತಳು.

"ಸನ್ಮಾನ ಆಯ್ತಾ ತಾತ? ಶಾಲು ಚೆನ್ನಾಗಿದೆ."

"ಆಯ್ತಮ್ಮ. ನಿನ್ನ ಓಟ ಏನಾಯ್ತು?"

ಅವಳ ಪಕ್ಕದಲ್ಲಿದ್ದ ಗಿಡ್ಡ ಹುಡುಗಿ ಹೇಳಿದಳು, "ಬಸ್ಸಿನ ಹಿಂದೆ ಓಡಿದ್ದಕ್ಕೆ ಪ್ರೈಜ್ ಇದ್ದಿದ್ರೆ ಇವಳೇ ಫಸ್ಟ್ ತಾತ." ಮಿಕ್ಕವರು ನಕ್ಕರು. ಸೆಲ್ವಿಯೂ ಸ್ವಲ್ಪ ನಕ್ಕಳು.

ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ನಸುಕಿಗೇ ಎದ್ದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದಿದ್ದರು. ಅಲ್ಲಿಂದ ಮುಂದಕ್ಕೆ ಸರ್ಕಾರಿ ಬಸ್ಸು ಸಿಗಲೇ ಇಲ್ಲ. ನಮ್ಮ ಕಡೆ ಓಡುವುದರಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಅವುಗಳಲ್ಲಿ ಹೆಣ್ಣುಮಕ್ಕಳಿಗೂ ಟಿಕೆಟು ಉಂಟು. ಇದು ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲದ ಸಂಗತಿಯೇ? ನನ್ನ ಹೆಂಡತಿಯೇ ಶಿವಮೊಗ್ಗಕ್ಕೆ ಬರುವಾಗಲೆಲ್ಲ ಸರ್ಕಾರಿ ಬಸ್ಸಿಗೆ ಕಾದು ಕಾದು ಬೈದುಕೊಳ್ಳುತ್ತಾಳೆ. ಸಭೆಯಲ್ಲಿ ಆ ತಮಾಷೆ ಮಾಡುವಾಗ ಅದು ನನಗೆ ನೆನಪಾಗಲಿಲ್ಲ.

"ಪ್ರೈವೇಟ್ ಬಸ್ಸಾದ್ರೂ ಹತ್ತಬಾರ್ದಿತ್ತೇನಮ್ಮ?" ಎಂದೆ.

"ಮೇಡಂ ಊಟಕ್ಕೆ ಅಂತ ತಮ್ಮ ಕೈಯಿಂದ ಕೊಟ್ಟಿದ್ರು ತಾತ, ಅಷ್ಟೇ ಇದ್ದಿದ್ದು. ಅದನ್ನ ಟಿಕೆಟ್ಟಿಗೆ ಕೊಟ್ರೆ ಊಟ ಇಲ್ಲ. ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದ್ವಿ. ಎರಡು ಪ್ರೈವೇಟು ಬಿಟ್ವಿ. ಕೊನೆಗೆ ಹತ್ತಿದ್ವಿ. ನಾವು ಗೇಟ್ ಹತ್ರ ಬರೋವಾಗ್ಲೇ ಮೈಕಲ್ಲಿ ಎಂಟುನೂರರಲ್ಲಿ ಗೆದ್ದೋರ ಹೆಸರು ಹೇಳ್ತಿದ್ರು." ಸೆಲ್ವಿ ನನ್ನ ಮುಖವನ್ನೇ ನೋಡುತ್ತಾ, "ಹೆಣ್ಮಕ್ಕಳಿಗೆ ಬಸ್ ಫ್ರೀ ಅಲ್ವಾ, ಇನ್ನೆಂಥ ಖರ್ಚು ಅಂತ ಮೀಟಿಂಗಲ್ಲಿ ಯಾರೋ ಅಂದ್ರಂತೆ ತಾತ" ಎಂದಳು.

ನಾನೇ ಎಂದು ಹೇಳಬೇಕಿತ್ತು. ಒಂದೇ ಶಬ್ದ. ಹೊದ್ದ ಶಾಲು ಬೆಂಕಿಯಂತೆ ಸುಡುತ್ತಿತ್ತು, ತೆಗೆದರೆ ಅವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೆದರಿ ಹಾಗೆಯೇ ನಿಂತಿದ್ದೆ. "ಯಾರಂದ್ರೋ ಏನೋ ಬಿಡಮ್ಮ. ಹಸಿದಿದ್ದೀರ, ಮೊದಲು ಹಣ್ಣು ತಿನ್ನಿ" ಎಂದು ಬುಟ್ಟಿಗೆ ಸುತ್ತಿದ್ದ ಬಣ್ಣದ ಕಾಗದ ಹರಿದು ಸೇಬು, ಕಿತ್ತಳೆ ಹಂಚಿದೆ. ಬೆಳಿಗ್ಗೆಯಿಂದ ಸರಿಯಾಗಿ ಏನೂ ತಿಂದಿರದ ಮಕ್ಕಳು. ಸಿಪ್ಪೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ತಿಂದರು. "ತಾತನ ಸನ್ಮಾನದಲ್ಲಿ ನಮಗೂ ಪಾಲು" ಎಂದಳು ಗಿಡ್ಡ ಹುಡುಗಿ. ಸೆಲ್ವಿ ಹಣ್ಣು ತೆಗೆದುಕೊಂಡಳು, ತಿನ್ನಲಿಲ್ಲ. ಬ್ಯಾಗಿಗೆ ಹಾಕಿಕೊಂಡಳು.

ಭದ್ರಾವತಿಯ ಸರ್ಕಾರಿ ಬಸ್ಸು ಬಂತು, ಅವರು ಹತ್ತಿ ಹೋದರು. ನಾನು ಮಗಳ ಮನೆಗೆ ಹೋದೆ. ಮೊಮ್ಮಗ ಪೇಟ ಇಟ್ಟುಕೊಂಡು ಕುಣಿದ. ಮಗಳು "ಅಪ್ಪ, ಯಾಕೆ ಮಂಕಾಗಿದ್ದೀರಿ?" ಎಂದು ಕೇಳಿದಳು. ಬಿಸಿಲಿಗೆ ತಲೆನೋವು ಎಂದು ಸುಳ್ಳು ಹೇಳಿದೆ.

ಮರುವಾರ ಕಾಲೇಜಿಗೆ ಹೋಗಿ ಸುಮಿತ್ರಾ ಮೇಡಂ ಮುಂದೆ ನಿಂತೆ. ಸಮಿತಿ ಬಿಟ್ಟುಬಿಡುತ್ತೇನೆ, ನನ್ನಿಂದ ತಪ್ಪಾಯಿತು ಎಂದೆ. ಅವರು ಆಟದ ಸಾಮಾನಿನ ಕೋಣೆಯಲ್ಲಿ ಚೆಂಡುಗಳನ್ನು ಬಲೆಗೆ ತುಂಬುತ್ತಿದ್ದರು. ತಲೆ ಎತ್ತದೆ ಹೇಳಿದರು, "ಬಿಟ್ಟು ಹೋದ್ರೆ ನಿಮಗೆ ಹಗುರ ಆಗುತ್ತೆ ರುದ್ರಪ್ಪನವರೇ, ನನ್ನ ಮಕ್ಕಳಿಗೆ ಏನಾಗುತ್ತೆ? ಅಲ್ಲೇ ಕೂತ್ಕೊಳ್ಳಿ. ಮುಂದಿನ ಸಲ ನಗಿಸ್ಬೇಡಿ, ಮಾತಾಡಿ. ಮತ್ತೆ, ಇದನ್ನ ನನಗಲ್ಲ ಹೇಳ್ಬೇಕಾದ್ದು."

ಮುಂದಿನ ವರ್ಷ ಸಭೆಯಲ್ಲಿ ಮಾತಾಡಿದೆ. ಮಕ್ಕಳ ಪ್ರಯಾಣ, ಊಟ, ವಸತಿಗೆ ಮೊದಲು ಹಣ ಎತ್ತಿಡಬೇಕು, ಉಳಿದರೆ ಪೆಂಡಾಲು ಎಂದೆ. ಅಧ್ಯಕ್ಷರಿಗೆ ಸಿಟ್ಟು ಬಂತು. "ಪೇಟ ನಿಮ್ಮ ತಲೆಗೆ ಬರೋವರೆಗೂ ಪೆಂಡಾಲು ಬೇಕಿತ್ತು ಅಲ್ವಾ ರುದ್ರಪ್ಪಣ್ಣ?" ಎಂದರು. ನಿಜವನ್ನೇ ಹೇಳಿದ್ದರು, ಹೌದು ಎಂದೆ. ಬಹಳ ಎಳೆದಾಡಿ ಕೊನೆಗೆ ಒಪ್ಪಿದರು. ಆದರೆ ಆ ಹೊತ್ತಿಗೆ ಸೆಲ್ವಿ ಕಾಲೇಜು ಮುಗಿಸಿದ್ದಳು. ಬಿ.ಪಿ.ಎಡ್‌ಗೆ ಅರ್ಜಿ ಹಾಕಿದ್ದಳಂತೆ, ಸರ್ಕಾರಿ ಸೀಟು ಸಿಗಲಿಲ್ಲ. ದುರ್ಗಿಗುಡಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂದು ಅವಳ ತಾಯಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು.

ಆ ಅಂಗಡಿ ನನ್ನ ಮಗಳ ಮನೆಯ ದಾರಿಯಲ್ಲೇ ಇದೆ. ಸುಮಾರು ದಿನ ನಾನು ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತಿದ್ದೆ. ಕಳೆದ ದೀಪಾವಳಿಗೆ ಹೆಂಡತಿ, ಮೊಮ್ಮಗಳಿಗೆ ಲಂಗ ಬೇಕೆಂದು ನನ್ನನ್ನು ಕರೆದುಕೊಂಡು ಅದೇ ಅಂಗಡಿಗೆ ಹೊಕ್ಕಳು. ಸೆಲ್ವಿ ಕೌಂಟರಿನ ಆಚೆ ನಿಂತು ಸೀರೆ ಮಡಚುತ್ತಿದ್ದಳು. "ಬನ್ನಿ ತಾತ" ಎಂದಳು. ಹೆಂಡತಿ ಒಳಗಿನ ಸಾಲಿಗೆ ಹೋದಳು. ಇನ್ನು ತಡೆಯಲು ಆಗಲಿಲ್ಲ.

"ಸೆಲ್ವಿ, ಅವತ್ತು ಮೀಟಿಂಗಲ್ಲಿ ಬಸ್ ಫ್ರೀ ಅಂದದ್ದು ನಾನೇ ಕಣಮ್ಮ."

"ಗೊತ್ತು ತಾತ."

"ಯಾವಾಗಿಂದ?"

"ಆಗಲೇ ಗೊತ್ತಿತ್ತು. ಮೀಟಿಂಗ್ ಮುಗಿಸಿ ಬಂದು ಮೇಡಂ ಅತ್ತಿದ್ರು, ಯಾರಂದ್ರು ಅಂತ ನಾವೇ ಕೇಳಿದ್ವಿ. ಬಸ್‌ಸ್ಟ್ಯಾಂಡಲ್ಲಿ ನೀವೇ ಹೇಳ್ತೀರ ಅಂತ ಕಾದೆ." ಅವಳ ಕೈ ಸೀರೆ ಮಡಚುತ್ತಲೇ ಇತ್ತು. "ಅವತ್ತೇ ಹೇಳಿದ್ರೆ ಎಲ್ಲರ ಮುಂದೆ ಬೈದುಬಿಡ್ತಿದ್ದೆ ತಾತ. ಬೈದಿದ್ರೆ ಅಲ್ಲಿಗೇ ಮುಗಿದು ಹೋಗ್ತಿತ್ತು. ಈಗ ಬೈಯೋಣ ಅಂದ್ರೂ ಬಾಯಿಗೆ ಬರ್ತಿಲ್ಲ."

ಯಾರೋ ಗಿರಾಕಿ ಬಂದು ಬ್ಲೌಸ್ ಪೀಸು ಕೇಳಿದರು. ಅವಳು ಆ ಕಡೆ ತಿರುಗಿದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ನನಗೀಗ ಎಪ್ಪತ್ತು ದಾಟಿದೆ. ಈ ಊರಿನಲ್ಲಿ ಜನ ಇನ್ನೂ ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾರೆ. ಸೆಲ್ವಿಯೂ ಮಾಡುತ್ತಾಳೆ. ಅವಳು ಅಂಗಡಿ ಬಾಗಿಲಲ್ಲಿ ಕೈ ಮುಗಿದಾಗೆಲ್ಲ, ಇದರ ಬದಲು ಒಂದು ಬೈಗುಳ ಬರಬಾರದೇ ಎಂದು ಕಾಯುತ್ತೇನೆ. ಅವಳು "ಹುಷಾರಾಗಿ ಹೋಗಿ ತಾತ" ಎನ್ನುತ್ತಾಳೆ. ನಾನು ತಲೆ ತಗ್ಗಿಸಿಕೊಂಡು ಮಗಳ ಮನೆಗೆ ನಡೆಯುತ್ತೇನೆ.